ಥೇಮ್ಸ್ ದಂಡೆಯ ಹೊಸ ಹಳೇ ಹಡಗು

ನದಿ ಹಿಂದಕ್ಕೆ ಹರಿಯುತ್ತಿತ್ತು.

ಲಂಡನ್ನಿಗೆ ಬಂದ ಮೊದಲ ವಾರ ಅದು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ತಲೆ ಕೆಟ್ಟಂತಾಗಿ, ಬೆಳಿಗ್ಗೆ ಥೇಮ್ಸ್ ದಂಡೆಯ ತನಕ ನಡೆದುಹೋಗಿದ್ದೆ. ಒಡೆದ ಮರದ ಪೆಟ್ಟಿಗೆಯೊಂದು ನನ್ನೆದುರು ತೇಲುತ್ತ ಸಮುದ್ರದ ಕಡೆಗೆ ಹೋಯಿತು. ಮಧ್ಯಾಹ್ನ ಮತ್ತೆ ಅಲ್ಲಿಗೇ ಹೋದಾಗ ಅದೇ ಪೆಟ್ಟಿಗೆ, ಅದೇ ಒಡಕು, ವಾಪಸು ಬರುತ್ತಿತ್ತು. ಕಣ್ಣುಜ್ಜಿಕೊಂಡು ನೋಡಿದೆ. ಹೊಳೆಯ ನೀರೆಲ್ಲ ತಿರುಗಿ ಹೊರಟಿತ್ತು. ನಾನು ದೇವದುರ್ಗ ತಾಲೂಕಿನ ಜಾಲಹಳ್ಳಿಯವಳು. ಕೃಷ್ಣೆ ಉಕ್ಕುವುದನ್ನು ಕಂಡಿದ್ದೇನೆ, ಬಂಡೆಗಳ ನಡುವೆ ಬತ್ತಿ ಹೋಗುವುದನ್ನೂ ಕಂಡಿದ್ದೇನೆ. ಬಂದ ದಾರಿ ಹಿಡಿದು ಹೊಳೆ ಹಿಂದಿರುಗುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ನಗು ಬರಲಿಲ್ಲ. ಕಾಲ ಕೆಳಗಿನ ನೆಲ ಸರಿದಂತಾಗಿ, ದಂಡೆಯ ಕಬ್ಬಿಣದ ಸರಳು ಹಿಡಿದು ನಿಂತೆ.

ಸಂಜೆ ನನ್ನ ಯಜಮಾನರು ಭೀಮರಾಯರು ಬಂದಾಗ ಹೇಳಿದೆ. ಅವರು ಬೂಟು ಬಿಚ್ಚುತ್ತ, "ಸಮುದ್ರ ಹತ್ರ ಅದ, ಅದಕ್ಕ. ದಿನಕ್ಕ ಎರಡು ಸಲ ಉಬ್ಬರ ಬಂದು ಹೊಳಿನ್ನ ಹಿಂದಕ್ಕ ನೂಕತದ. ಇಲ್ಲಿ ಮಂದಿ ಅದಕ್ಕ ಟೈಡ್ ಅಂತಾರ" ಎಂದರು.

"ಹೊಳಿನಾ ನಿಂತಲ್ಲಿ ನಿಂದ್ರದ ಊರಾಗ ನಾವು ಹ್ಯಾಂಗ ನಿಂದ್ರಬೇಕ್ರೀ?" ಎಂದೆ. ಅವರು ಇನ್ನೊಂದು ಬೂಟಿನ ದಾರಕ್ಕೆ ಕೈ ಹಾಕಿದರು.

ಅವರು ರಾಯಚೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವರು. ನಾನು ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರಬಾಯಿ. ಇಬ್ಬರ ಅಪ್ಪಂದಿರೂ ಮಂದಿಯ ಹೊಲದಲ್ಲಿ ಕೂಲಿ ಮಾಡಿದವರು. ಸರಕಾರದ ವಿದ್ಯಾರ್ಥಿವೇತನದ ಮೇಲೆ ಸಂಶೋಧನೆಗೆಂದು ಇವರಿಗೆ ಮೂರು ವರ್ಷ ಲಂಡನ್ನು ಸಿಕ್ಕಿತು. ೧೯೭೯ರ ಚಳಿಗಾಲ ಶುರುವಾಗುವ ಹೊತ್ತಿಗೆ ಬಂದಿಳಿದೆವು. ಡೆಪ್ಟ್‌ಫರ್ಡ್ ಎಂಬ ಬಡ ಬಡಾವಣೆಯಲ್ಲಿ ಮಹಡಿಯ ಒಂದು ಕೋಣೆ. ಗ್ಯಾಸಿನ ಮೀಟರಿಗೆ ನಾಣ್ಯ ಹಾಕಿದರೆ ಒಲೆ ಉರಿಯುತ್ತದೆ, ಇಲ್ಲವಾದರೆ ಅರ್ಧ ಬೆಂದ ಅನ್ನದ ಮುಂದೆ ಕೂತುಕೊಳ್ಳಬೇಕು. ರಾಯಚೂರಿನ ಬಿಸಿಲನ್ನು ಜೀವಮಾನವಿಡೀ ಬೈದವಳು ನಾನು. ಇಲ್ಲಿ ಮಧ್ಯಾಹ್ನ ಕಳೆಯುವಷ್ಟರಲ್ಲೇ ಕತ್ತಲಾಗುವಾಗ, ಕೋಟೆಯ ಕಲ್ಲಿನಿಂದ ಹೊರಡುವ ಆ ಕಾವಿಗಾಗಿ ಬೆನ್ನು ಹಂಬಲಿಸುತ್ತಿತ್ತು.

ಭಾಷೆಯ ಪಾಡು ಬೇರೆ. ನಮ್ಮ ಬೀದಿಯ ತಿರುವಿನಲ್ಲಿ ತರಕಾರಿ ಅಂಗಡಿಯಿತ್ತು. ಅಂಗಡಿಯಾಕೆಯ ಹೆಸರು ಡೋರೀನ್. ದಪ್ಪ ಮೈ, ಕೆಂಪು ಕೈ. ನಾನು ಆಲೂಗಡ್ಡೆಗೆ ದುಡ್ಡು ಕೊಟ್ಟಾಗ ಆಕೆ "ತಾ" ಎಂದಳು. ಕಡಿಮೆಯಾಯಿತೇನೋ ಎಂದು ಮತ್ತೊಂದು ನಾಣ್ಯ ಇಟ್ಟೆ. ಆಕೆ ಗಾಬರಿಯಿಂದ ಅದನ್ನು ವಾಪಸು ಕೊಟ್ಟಳು. ನಾನು ತೆಗೆದುಕೊಂಡೆ, ಆಕೆ ಮತ್ತೆ "ತಾ" ಎಂದಳು, ನಾನು ಮತ್ತೆ ಎದುರಿಗಿಟ್ಟೆ. ಈ ಕಡೆಯ ಜನ ಥ್ಯಾಂಕ್ಸ್ ಎನ್ನುವುದಕ್ಕೆ ಚಿಕ್ಕದಾಗಿ "ತಾ" ಎನ್ನುತ್ತಾರೆಂದು ತಿಳಿದದ್ದು ಆಮೇಲೆ. ನಮ್ಮಲ್ಲಿ ತಾ ಎಂದರೆ ಏನೆಂದು ಹರಕು ಇಂಗ್ಲಿಷಿನಲ್ಲಿ ಹೇಳಿದಾಗ ಡೋರೀನ್ ಹೊಟ್ಟೆ ಹಿಡಿದು ನಕ್ಕಳು. ಅಂದಿನಿಂದ ನಾನು ಅಂಗಡಿಗೆ ಹೋದರೆ "ಬಾ ಲವ್, ಹೇಗಿದ್ದೀಯ?" ಎನ್ನುತ್ತಿದ್ದಳು. ಈ ಲವ್ ಎಂಬುದು ಇಲ್ಲಿ ಪ್ರೀತಿಯ ಮಾತೇನಲ್ಲ; ನಾವು ತಂಗಿ, ಯವ್ವಾ ಎನ್ನುವಂತೆ ಬಾಯಿಗೆ ಬರುವ ಕರೆ. ಆದರೂ ಲಂಡನ್ನಿನಲ್ಲಿ ನನ್ನನ್ನು ನೋಡಿ ಮುಖ ಅರಳಿಸಿದ ಮೊದಲ ಹೆಂಗಸು ಅವಳೇ. ಅವಳ ಮಗ ಟೆರ್ರಿ, ಇಪ್ಪತ್ತರ ಹರೆಯದವನು, ತಲೆ ನುಣ್ಣಗೆ ಬೋಳಿಸಿ ಮೊಣಕಾಲುದ್ದದ ಬೂಟು ಹಾಕುತ್ತಿದ್ದ. ಅವನು ನನ್ನ ಚೀಲಕ್ಕೆ ಆಲೂಗಡ್ಡೆ ಸುರಿಯುವಾಗ ಒಮ್ಮೆಯೂ ಮುಖ ನೋಡುತ್ತಿರಲಿಲ್ಲ.

ಆ ಬೋಳುತಲೆಯ ಗುಂಪುಗಳ ಬಗ್ಗೆ ಮೊದಲೇ ಎಚ್ಚರಿಕೆ ಸಿಕ್ಕಿತ್ತು. ನಮ್ಮಂಥ ಬಣ್ಣದವರನ್ನು ಕಂಡರೆ ಬೆನ್ನು ಹತ್ತುತ್ತಾರೆ, ಉಗುಳುತ್ತಾರೆ, ಒಂಟಿಯಾಗಿ ಸಿಕ್ಕರೆ ಹೊಡೆಯುತ್ತಾರೆ. "ಬಸ್ಸಿನ್ಯಾಗ ಮ್ಯಾಲಿನ ಮಜಲಿಗೆ ಹತ್ತಬ್ಯಾಡ. ಯಾರರ ಏನರ ಅಂದ್ರ ತಿರುಗಿ ನೋಡಬ್ಯಾಡ" ಎಂದು ಯಜಮಾನರು ದಿನವೂ ಹೇಳಿ ಹೋಗುತ್ತಿದ್ದರು. ಊರಿನಲ್ಲೂ ನಮಗೆ ಕಾಲಿಡಬಾರದ ಓಣಿಗಳಿದ್ದವು. ಆದರೆ ಅವು ಯಾವುವೆಂದು ಹುಟ್ಟಿದಂದಿನಿಂದ ಗೊತ್ತಿರುತ್ತಿತ್ತು. ಇಲ್ಲಿ ಯಾವ ತಿರುವಿನಲ್ಲಿ ಏನಿದೆಯೋ ಗೊತ್ತಾಗದೆ, ನಡೆಯುವಾಗ ಕುತ್ತಿಗೆಯ ನರ ಸದಾ ಬಿಗಿದಿರುತ್ತಿತ್ತು.

ಎರಡನೆಯ ವರ್ಷ ನನಗೊಂದು ಕೆಲಸ ಸಿಕ್ಕಿತು. ನದಿ ದಂಡೆಯಲ್ಲಿ ಹಳೆಯ ಗೋದಾಮುಗಳ ನಡುವೆ ಒಂದು ಹಾಯಿಹಡಗು ನಿಂತಿರುತ್ತಿತ್ತು. ಮೂರು ಕಂಬ, ಜೇಡರ ಬಲೆಯಂತೆ ಹಗ್ಗ, ಕೆಂಪು ಹಳದಿ ಬಣ್ಣದ ಹಿಂಭಾಗ. ನಾನೂರು ವರ್ಷ ಹಿಂದೆ ಸಮುದ್ರ ಸುತ್ತಿದ ಹಡಗುಗಳ ಹಾಗೇ ಇರಲೆಂದು ಈಚೆಗೆ ಕಟ್ಟಿಸಿ, ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದರು. ಮೊದಲ ದಿನ ನನಗದು ವಿಚಿತ್ರವೆನಿಸಿತು. ರಾಯಚೂರಿನಲ್ಲಿ ನಿಜವಾಗಿ ಹಳೆಯದಾದ ಕೋಟೆಯ ಗೋಡೆಗೆ ಮಂದಿ ಎಮ್ಮೆ ಕಟ್ಟುತ್ತಾರೆ, ಕುಳ್ಳು ತಟ್ಟುತ್ತಾರೆ. ಇಲ್ಲಿ ಹೊಸದನ್ನು ಹಳೆಯದರಂತೆ ಮಾಡಿ, ಅದಕ್ಕೆ ಯಾರ ಕಾಲೂ ತಾಗಬಾರದೆಂದು ಹಗ್ಗ ಕಟ್ಟುತ್ತಾರೆ.

ಹಡಗಿನ ಉಸ್ತುವಾರಿ ಮಿಸೆಸ್ ಕೋಲ್ ಎಂಬಾಕೆಯದು. ಒಣಕಲು ಮೈಯ, ಸದಾ ಅವಸರದ ಹೆಂಗಸು. ಬಾಗಿಲಲ್ಲಿ ಟಿಕೀಟು ಹರಿಯುವುದು, ಸಂಜೆ ಹಡಗಿನ ಮೇಲಿನ ಹಲಗೆಹಾಸು ಗುಡಿಸುವುದು ನನ್ನ ಕೆಲಸ. ಡಾಂಬರಿನ ವಾಸನೆ, ಹಡಗಿನ ಹೊಟ್ಟೆಯೊಳಗೆ ಬಗ್ಗಿಯೇ ನಡೆಯಬೇಕಾದ ಕೆಳಮನೆ, ನೀರು ತಟ್ಟಿದಾಗ ಮುಲುಗುವ ಹಲಗೆಗಳು. ಶಾಲೆಯ ಮಕ್ಕಳು ಬಂದಾಗ ಮಿಸೆಸ್ ಕೋಲ್ ಹಿತ್ತಾಳೆಯ ದೊಡ್ಡ ಗಂಟೆ ಬಾರಿಸಿ, "ಎಲ್ಲರೂ ಹತ್ತಿ, ಹಡಗು ಹೊರಟಿತು!" ಎಂದು ಕೂಗುತ್ತಿದ್ದಳು. ಮಕ್ಕಳ ಗದ್ದಲ ಕೇಳಿದರೆ ಮಾನ್ವಿಯ ನನ್ನ ತರಗತಿ ನೆನಪಾಗಿ ಸ್ವಲ್ಪ ಹಗುರಾಗುತ್ತಿದ್ದೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಆಕೆ ಬೆರಳೆತ್ತಿ ಹೇಳಿದ್ದಳು: "ಮುಚ್ಚಿದ ಮೇಲೆ ಒಂದು ನರಪಿಳ್ಳೆಯೂ ಹಡಗಿನ ಮೇಲಿರಕೂಡದು. ಏನಾದರೂ ಆದರೆ ವಿಮೆ ಕೊಡುವುದಿಲ್ಲ. ನಿನ್ನ ಕೆಲಸವೂ ಹೋಗುತ್ತದೆ, ನನ್ನದೂ ಹೋಗುತ್ತದೆ."

ಡಿಸೆಂಬರಿನ ಒಂದು ಸಂಜೆ ಆಕೆ ನೆಗಡಿಯೆಂದು ಬೇಗ ಹೊರಟುಹೋದಳು. ಕಡೆಯ ಪ್ರವಾಸಿಗರೂ ಇಳಿದಿದ್ದರು. ನದಿಯ ಮೇಲೆ ಮಂಜು ಕವಿಯುತ್ತಿತ್ತು. ನೀರು ಇಳಿದ ಹೊತ್ತಾದ್ದರಿಂದ ಹಡಗೂ ಇಳಿದಿತ್ತು. ದಂಡೆಯ ಕಲ್ಲುಗೋಡೆ ನನ್ನ ತಲೆಗಿಂತ ಎತ್ತರಕ್ಕಿತ್ತು. ದಂಡೆಯಿಂದ ಹಡಗಿಗೆ ಇಳಿಯಲು ಹಾಕಿದ ಹಲಗೆಸೇತುವೆ ಕಡಿದಾಗಿ ಬಾಗಿತ್ತು. ಸೀರೆಯ ಮೇಲೆ ಯಜಮಾನರ ಸ್ವೆಟರ್ ಹಾಕಿಕೊಂಡು ನಾನು ಗುಡಿಸುತ್ತಿದ್ದೆ. ಆಗ ಕಲ್ಲುಹಾಸಿನ ಮೇಲೆ ಯಾರೋ ಓಡಿ ಬರುವ ಸದ್ದು ಕೇಳಿತು. ಅದರ ಹಿಂದೆ ಬೂಟುಗಳ ಸದ್ದು, ನಗು.

ಮಂಜಿನೊಳಗಿಂದ ಒಬ್ಬ ಹೆಂಗಸು ಬಂದಳು. ಸೀರೆ, ಮೇಲೊಂದು ಕೋಟು, ಕಂಕುಳಲ್ಲಿ ಹೆಣ್ಣುಕೂಸು. ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಸೇತುವೆಯ ತುದಿಗೆ ಬಂದು ಕೆಳಗಿದ್ದ ನನ್ನನ್ನು ಕಂಡವಳೇ ನಿಂತಳು. ಕರೆದರೆ ಬರುವೆ ಎನ್ನುವ ನೋಟ. ಬಾಯಿ ಬಿಡಲೂ ಉಸಿರಿರಲಿಲ್ಲ.

ಸೇತುವೆಯ ಹಗ್ಗ ನನ್ನ ಕೈಯಳತೆಯಲ್ಲೇ ಇತ್ತು. ಈಗಲೇ ಎಳೆದುಕೊಂಡರೆ ನಾನು ಸುರಕ್ಷಿತ. ಮಿಸೆಸ್ ಕೋಲಳ ಮಾತೂ ಉಳಿಯುತ್ತದೆ. ಆ ಕ್ಷಣ ಕೃಷ್ಣೆಯ ದಂಡೆ ಕಣ್ಣಿಗೆ ಕಟ್ಟಿತು. ನಾನು ಚಿಕ್ಕವಳಿದ್ದಾಗ ಆಚೆ ದಡದ ಮದುವೆಗೆಂದು ಅಪ್ಪನೊಡನೆ ಹೊರಟಿದ್ದೆ. ಮೇಲಿನ ಸೀಮೆಯಲ್ಲಿ ಮಳೆಯಾಗಿ ನೀರು ಕೆಂಪಗೆ ಏರುತ್ತಿತ್ತು. ಹರಿಗೋಲಿನಲ್ಲಿ ಜಾಗವಿತ್ತು. ಅಂಬಿಗ ನಮ್ಮ ಕಡೆ ನೋಡದೆ, "ನೀವು ಆಮ್ಯಾಲ ಬರ್ರಿ. ಮೊದ್ಲು ಗೌಡ್ರ ಮಂದಿ ದಾಟ್ಲಿ" ಎಂದ. ಅಪ್ಪ ನನ್ನ ಕೈ ಹಿಡಿದು ಹಿಂದಕ್ಕೆ ಸರಿದ. ಆ ದಿನ ಹರಿಗೋಲು ಮತ್ತೆ ಬರಲಿಲ್ಲ. ಏರುವ ನೀರಿಗೆ ಹಿಮ್ಮೆಟ್ಟುತ್ತ ನಾವು ಬಂಡೆಯಿಂದ ಬಂಡೆಗೆ ಹತ್ತಿದೆವು. ಅಪ್ಪನ ಅಂಗೈ ಎಷ್ಟು ತಣ್ಣಗಿತ್ತೆಂದು ನನಗೆ ಈಗಲೂ ಗೊತ್ತು.

"ಅಂದರ್ ಆವ್! ಡರೋ ನಕ್ಕೊ!" ಎಂದು ಕೂಗಿದೆ. ರಾಯಚೂರಿನ ನಮ್ಮ ಓಣಿಯ ಉರ್ದು ಅದು; ಒಳಗೆ ಬಾ, ಹೆದರಬೇಡ ಎಂದು. ಅವಳು ಯಾವ ಸೀಮೆಯವಳೋ ತಿಳಿದಿರಲಿಲ್ಲ. ದನಿ ಅರ್ಥವಾಗಿರಬೇಕು, ಜಾರುತ್ತ ಓಡುತ್ತ ಇಳಿದಳು. ಕೂಸನ್ನು ಹಗ್ಗದ ಸುರುಳಿಯ ಮೇಲೆ ಕೂರಿಸಿ, ನಾನು ಹೇಳುವ ಮೊದಲೇ ಹಲಗೆಗೆ ಕೈ ಹಾಕಿದಳು. ಇಬ್ಬರೂ ಮೈಯೆಲ್ಲ ಭಾರ ಹಾಕಿ ಎಳೆದೆವು. ಹಲಗೆ ಕಲ್ಲಿನ ಅಂಚಿನಲ್ಲಿ ಸಿಕ್ಕಿಕೊಂಡಿತು. ಬೂಟುಗಳು ಹತ್ತಿರವಾದವು. "ಔರ್ ಏಕ್ ಬಾರ್!" ಎಂದೆ, ಇನ್ನೊಂದು ಸಲ ಎಂದು. ಹಲಗೆ ಧಡಾರನೆ ಹಡಗಿನೊಳಗೆ ಬಿತ್ತು. ಅಷ್ಟರಲ್ಲಿ ನಾಲ್ವರು ಬೋಳುತಲೆಯವರು ದಂಡೆಯ ಅಂಚಿಗೆ ಬಂದು ನಿಂತರು. ನಮಗೂ ಅವರಿಗೂ ನಡುವೆ ಒಂದು ಜಿಗಿತದಷ್ಟೇ ಅಂತರ, ಕೆಳಗೆ ಕಪ್ಪು ಕೆಸರು.

ಒಬ್ಬ ಬಾಟಲಿ ಎಸೆದ. ಅದು ಕಂಬಕ್ಕೆ ಬಡಿದು ಗಾಜು ಚೆಲ್ಲಿತು. ನಾನು ಅವಳನ್ನೂ ಕೂಸನ್ನೂ ಕೆಳಮನೆಗೆ ನೂಕಿ ಬಾಗಿಲೆಳೆದು ಮೇಲೆ ನೋಡಿದೆ. ತುದಿಯಲ್ಲಿ ನಿಂತವನು ಟೆರ್ರಿ. ಅವನ ಕೈಯಲ್ಲಿ ಆ ಹೆಂಗಸಿನಿಂದ ಕಿತ್ತುಕೊಂಡ ಚೀಲವಿತ್ತು. ಮೊದಲ ಸಲ ಅವನು ನನ್ನ ಮುಖ ನೋಡಿದ. ಗುರುತು ಹತ್ತಿತು, ಅವನ ನಗು ಅರ್ಧಕ್ಕೆ ನಿಂತದ್ದನ್ನು ನಾನು ಕಂಡೆ.

"ಜಿಗಿಯೋ, ಏನು ನೋಡ್ತೀಯ? ಎರಡು ಹೆಂಗಸರು ಮಾತ್ರ ಇದ್ದಾರೆ" ಎಂದು ಪಕ್ಕದವನು ಅವನ ಭುಜ ತಟ್ಟಿದ. ಟೆರ್ರಿ ಅಲುಗಲಿಲ್ಲ. ಪಕ್ಕದವನು ತಾನೇ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಅಂತರ ಅಳೆಯತೊಡಗಿದ.

ಇಂಗ್ಲಿಷಿನಲ್ಲಿ ಏನೆಂದು ಕೂಗಬೇಕೆಂದು ತೋಚಲಿಲ್ಲ. ಮಕ್ಕಳಿಗಾಗಿ ಬಾರಿಸುವ ಗಂಟೆಯ ಹಗ್ಗ ಕೈಗೆ ತಾಗಿತು. ಎಳೆದೆ. ಎರಡೂ ಕೈಯಿಂದ, ಕಿವಿ ಗಡಚಿಕ್ಕುವಂತೆ, ಭುಜ ಕಳಚುವಂತೆ ಎಳೆದೆ. ಮಂಜಿನಲ್ಲಿ ಆ ಸದ್ದು ನದಿಯ ಆಚೆ ದಂಡೆಗೆ ಬಡಿದು ಮರಳಿ ಬಂತು. ಗೋದಾಮಿನ ಪಕ್ಕದ ಶರಾಬಿನ ಅಂಗಡಿಯ ಬಾಗಿಲು ತೆರೆಯಿತು. ಕೈಯಲ್ಲಿ ಗ್ಲಾಸು ಹಿಡಿದ ಬಂದರು ಕೆಲಸದವರು ಒಬ್ಬೊಬ್ಬರಾಗಿ ಹೊರಬಂದರು. ಯಾರೋ "ಏನದು ಅಲ್ಲಿ?" ಎಂದು ಗದರಿದರು. ಕಾಲು ಇಳಿಬಿಟ್ಟವನು ಎದ್ದ. ನಾಲ್ವರೂ ಓಡಿದರು.

ಅವರು ಹೋದ ಮೇಲೂ ನಾನು ಗಂಟೆ ಬಾರಿಸುತ್ತಲೇ ಇದ್ದೆನಂತೆ. ಆ ಹೆಂಗಸೇ ಮೇಲೆ ಬಂದು ನನ್ನ ಬೆರಳುಗಳನ್ನು ಹಗ್ಗದಿಂದ ಬಿಡಿಸಿದಳು. ಅಷ್ಟು ಹೊತ್ತು ಸುಮ್ಮನಿದ್ದ ಕೂಸು, ಸದ್ದು ನಿಂತ ಮೇಲೆ ಅಳತೊಡಗಿತು.

ಅವಳ ಹೆಸರು ರಹಿಮಾ. ಬಾಂಗ್ಲಾದ ಸಿಲ್ಹೆಟ್ ಕಡೆಯವಳು. ಗಂಡ ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಪೊಲೀಸರು ಬಂದು ಇಬ್ಬರ ಹೇಳಿಕೆ ಬರೆದುಕೊಂಡರು. "ಯಾರನ್ನಾದರೂ ಗುರುತಿಸಬಲ್ಲಿರಾ?" ಎಂದು ಕೇಳಿದರು. "ಮನೆಯವರ ಜೊತೆ ಮಾತಾಡಿ ಹೇಳುತ್ತೇನೆ" ಎಂದೆ. ಮರುದಿನ ಮಿಸೆಸ್ ಕೋಲ್ ಒಡೆದ ಗಾಜನ್ನೂ ಕಂಬದ ಮೇಲಿನ ಗಾಯವನ್ನೂ ಬಗ್ಗಿ ನೋಡಿದಳು. ಬಳಿಕ, "ನೀನು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಆಡಳಿತ ಮಂಡಳಿ ತೀರ್ಮಾನಿಸುವ ತನಕ ಕೆಲಸಕ್ಕೆ ಬರಬೇಡ" ಎಂದಳು.

ಮನೆಯಲ್ಲಿ ಅದಕ್ಕಿಂತ ದೊಡ್ಡ ಜಗಳ.

"ಕತ್ತಲಿತ್ತು, ಮಂಜಿತ್ತು, ಯಾರನ್ನೂ ನೋಡಿಲ್ಲ ಅಂತ ಹೇಳು. ಮುಗೀತು" ಎಂದರು ಯಜಮಾನರು.

"ನೋಡೀನ್ರೀ. ದಿನಾ ನೋಡೋ ಮಾರಿ ಅದು."

"ಸರೋಜಾ, ಕೇಳಿಲ್ಲಿ. ನಾವು ಸರಕಾರದ ರೊಕ್ಕದ ಮ್ಯಾಲ ಬಂದ ಮಂದಿ. ಕೋರ್ಟು, ಕಚೇರಿ ಅಂತ ಹೆಸರು ಕೆಟ್ಟು ನನ್ನ ವಾಪಸ್ ಕಳಿಸಿದ್ರ ಏನಾಕತಿ? ನಮ್ಮ ಕೇರ್ಯಾಗಿಂದ ಇಲ್ಲೀ ತನಕ ಯಾರೂ ಬಂದಿದ್ದಿಲ್ಲ. ನಾ ಅರ್ಧಕ್ಕ ಹೋದ್ರ ನಾಳಿ ಇನ್ನೊಬ್ಬ ಹುಡುಗನ್ನ ಕಳಸಾಕ ಹತ್ತು ಸಲ ವಿಚಾರ ಮಾಡ್ತಾರ."

ಆ ಮಾತು ಸುಳ್ಳಾಗಿರಲಿಲ್ಲ. ಅವರ ಕಣ್ಣಲ್ಲಿದ್ದುದು ಹೇಡಿತನವಲ್ಲ. ಬಹಳ ಕಷ್ಟದಿಂದ ಏರಿ ಬಂದ ಮೆಟ್ಟಿಲಿನಿಂದ ಕಾಲು ಜಾರೀತೆಂಬ ದಿಗಿಲು. ನಾನು ರೊಟ್ಟಿ ಬಡಿಯುತ್ತ ಕೂತೆ. ಗುಜರಾತಿಯವರ ಅಂಗಡಿಯಲ್ಲಿ ಸಿಕ್ಕ ಜೋಳದ ಹಿಟ್ಟು. ಅಂದು ಒಂದು ರೊಟ್ಟಿಯೂ ಹರಿಯದೆ ಏಳಲಿಲ್ಲ.

ಎರಡು ದಿನ ಬಿಟ್ಟು ಬಾಗಿಲು ಬಡಿದ ಸದ್ದಾಯಿತು. ತೆರೆದರೆ ರಹಿಮಾ, ಕೈಯಲ್ಲಿ ಬಿಸಿ ಖಿಚಡಿಯ ಪಾತ್ರೆ. ನಮ್ಮಿಬ್ಬರ ನಡುವೆ ಸಿನಿಮಾದ ಹಿಂದಿ, ನನ್ನ ರಾಯಚೂರಿನ ಉರ್ದು, ಕೈಸನ್ನೆ ಇಷ್ಟೇ ಸೇತುವೆ. "ಆಪಾ," ಎಂದಳು. ಅವರಲ್ಲಿ ಅಕ್ಕ ಎಂಬುದಕ್ಕೆ ಹಾಗೆನ್ನುತ್ತಾರೆ. ತನ್ನ ಗಂಡನೂ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದಾನೆಂದು ತಿಳಿಸಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು, "ನಾನು ಹೇಳ್ತೀನಿ. ನಾನು ಒಬ್ಬಳೇ ಹೇಳಿದರೆ ನಂಬೋದಿಲ್ಲ" ಎಂದಳು. ನೀನೂ ಬಾ ಎಂದು ಅವಳು ಕೇಳಲಿಲ್ಲ. ಪಾತ್ರೆ ಇಟ್ಟು ಕೂಸಿನ ಟೋಪಿ ಸರಿಮಾಡುತ್ತ ನಿಂತಳು.

ಒಳಗಿದ್ದ ಯಜಮಾನರು ಎಲ್ಲ ಕೇಳಿಸಿಕೊಂಡಿದ್ದರು. ಅವಳು ಹೋದ ಮೇಲೆ ಖಿಚಡಿ ಬಡಿಸಿದೆ. ಅವರು ತಟ್ಟೆ ಮುಟ್ಟಲಿಲ್ಲ. "ಆ ಹೆಣ್ಣುಮಗಳಿಗೆ ಈ ದೇಶದಾಗ ನಮಗಿರೋವಷ್ಟು ಆಸರಾನೂ ಇಲ್ಲ" ಎಂದರು ಕಡೆಗೆ. "ನಿನಗ ಹೆಂಗ ತಿಳೀತದ ಹಂಗ ಮಾಡು. ಆದ್ರ ನನಗ ಅಂಜಿಕಿ ಅದ. ಅದನ್ನ ನಾ ಇಲ್ಲ ಅನ್ನಂಗಿಲ್ಲ."

"ನನಗೂ ಅದ ರೀ," ಎಂದೆ.

ನಾನೂ ರಹಿಮಾಳೂ ಠಾಣೆಗೆ ಹೋಗಿ ಟೆರ್ರಿಯ ಹೆಸರು ಹೇಳಿದೆವು. ನ್ಯಾಯಾಲಯದ ದಿನ ಕಟಕಟೆಯಲ್ಲಿ ಟೆರ್ರಿ ಕೋಟು ಟೈ ಹಾಕಿಕೊಂಡು ನಿಂತಿದ್ದ. ಕೂದಲು ಸ್ವಲ್ಪ ಬೆಳೆದಿತ್ತು. ಎದುರಿನ ಬೆಂಚಿನಲ್ಲಿ ಡೋರೀನ್. ಅವನ ವಕೀಲ ನನ್ನ ಇಂಗ್ಲಿಷನ್ನೇ ಹಿಡಿದು ಕೇಳಿದ್ದನ್ನೇ ಕೇಳಿದ. ಕತ್ತಲಲ್ಲಿ ಎಲ್ಲ ಬಿಳಿಯರೂ ಒಂದೇ ತರಹ ಕಾಣಲಿಲ್ಲವೇ ಎಂದ. ಮಾನ್ವಿಯ ತರಗತಿಯಲ್ಲಿ ಪಾಠ ಹೇಳುವಂತೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದೆ: "ಈತ ನನಗೆ ವಾರಕ್ಕೆ ಮೂರು ಸಲ ಆಲೂಗಡ್ಡೆ ಕೊಡುತ್ತಾನೆ. ಈತನ ಮುಖ ನನಗೆ ಗೊತ್ತು." ಸಾಲಿನ ಹಿಂದೆ ಬಾಗಿಲ ಹತ್ತಿರ ಯಜಮಾನರು ನಿಂತಿದ್ದರು. ಬರುವುದಿಲ್ಲವೆಂದು ಹೇಳಿ ಹೋದವರು ಪ್ರಯೋಗಾಲಯದ ಕೋಟಿನಲ್ಲೇ ಬಂದಿದ್ದರು.

ಟೆರ್ರಿಗೂ ಇನ್ನೊಬ್ಬನಿಗೂ ದಂಡವಾಯಿತು. ಇನ್ನೊಮ್ಮೆ ಸಿಕ್ಕಿದರೆ ಜೈಲೆಂಬ ಎಚ್ಚರಿಕೆಯಾಯಿತು. ಉಳಿದಿಬ್ಬರು ಸಿಗಲೇ ಇಲ್ಲ. ಗೆದ್ದೆವೆಂದು ಅನಿಸಲಿಲ್ಲ. ಮೆಟ್ಟಿಲಿಳಿಯುವಾಗ ಡೋರೀನ್ ನನ್ನ ಮುಂದೆ ಬಂದು ನಿಂತಳು. ಬೈಯುತ್ತಾಳೆಂದು ಕಾದೆ. ಆಕೆ ನನ್ನ ಮುಖವನ್ನು ನೋಡಿ, ಪಕ್ಕಕ್ಕೆ ಸರಿದು, ಮಗನ ಹಿಂದೆ ಮೆಟ್ಟಿಲಿಳಿದು ಹೋದಳು. ಆ ಮೇಲೆ ನಾನು ಆ ಅಂಗಡಿಗೆ ಹೋಗಲಿಲ್ಲ. ತರಕಾರಿಗೆ ಎರಡು ಬೀದಿ ಆಚೆ ನಡೆಯುತ್ತಿದ್ದೆ. ಅಂಗಡಿಯ ಮುಂದೆ ಹಾದುಹೋಗುವಾಗ ಒಳಗಿಂದ ಆಕೆ ಬೇರೆ ಯಾರಿಗೋ "ತಾ, ಲವ್" ಎನ್ನುವುದು ಕೇಳಿಸುತ್ತಿತ್ತು. ಲಂಡನ್ನಿನಲ್ಲಿ ನನಗಾದ ನಷ್ಟಗಳಲ್ಲಿ ಅದು ಸಣ್ಣದೆಂದು ಈಗಲೂ ಹೇಳಲಾರೆ.

ಹಡಗಿನ ಆಡಳಿತ ಮಂಡಳಿ ಕಡೆಗೂ ನನ್ನನ್ನು ವಾಪಸು ಕರೆಯಿತು. ಮಿಸೆಸ್ ಕೋಲ್ ಅದಕ್ಕಾಗಿ ಅವರೊಡನೆ ಜಗಳವಾಡಿದ್ದಳೆಂದು ಬೇರೆಯವರಿಂದ ತಿಳಿಯಿತು, ಆಕೆ ಹೇಳಲಿಲ್ಲ. ರಹಿಮಾ ಕೆಲವು ಶನಿವಾರ ಕೂಸನ್ನು ಕರೆದುಕೊಂಡು ಬರುತ್ತಿದ್ದಳು. ನಾನು ಅವಳಿಗೆ ಇಂಗ್ಲಿಷ್ ಅಕ್ಷರ ಕಲಿಸಿದೆ. ಅವಳು ನನಗೆ ಸಣ್ಣ ಮೀನಿನ ಸಾರು ಕಲಿಸಿದಳು. ನಾಲ್ಕಾರು ವರ್ಷ ಕಳೆದ ಮೇಲೆ ಆ ಹಡಗನ್ನು ಬೇರಾವುದೋ ಊರಿಗೆ ಎಳೆದೊಯ್ದರು. ಅಷ್ಟರಲ್ಲಿ ನಾನು ಇಲ್ಲಿಯದೇ ಒಂದು ಶಾಲೆಯಲ್ಲಿ, ಹೊಸದಾಗಿ ಬಂದ ಮಕ್ಕಳಿಗೆ ಮಾತು ಕಲಿಸುವ ಕೆಲಸಕ್ಕೆ ಸೇರಿದ್ದೆ. ಯಜಮಾನರಿಗೆ ಪದವಿ ಬಂತು, ಯಾವ ತೊಂದರೆಯೂ ಆಗಲಿಲ್ಲ. ಇಲ್ಲೇ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷ ನೋಡೋಣವೆಂದೆವು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆವು. ರಾಯಚೂರಿನಲ್ಲಿ ರೈಲಿಳಿದು, ದೇವದುರ್ಗದ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಮಸರಕಲ್ ದಾಟುವಾಗ ಮುಖಕ್ಕೆ ಹೊಡೆದ ಬಿಸಿಗಾಳಿಯನ್ನು ಬಾಯಿ ತೆರೆದು ಕುಡಿದೆ. ಜಾಲಹಳ್ಳಿಯ ಮನೆಯಲ್ಲಿ ಅವ್ವ ಪುಂಡಿಪಲ್ಯ ಮಾಡಿದ್ದಳು. ಉಂಡು, ಅಂಗಳದ ಬೇವಿನ ನೆರಳಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಕುತ್ತಿಗೆಯ ನರ ಸಡಿಲಾಗಿತ್ತು. ಅವ್ವ ನನ್ನ ಕೂದಲಲ್ಲಿ ಬೆರಳಾಡಿಸುತ್ತ ಸಹಜವಾಗಿ ಕೇಳಿದಳು:

"ಯವ್ವಾ, ಈಗ ನಿಮ್ಮೂರಾಗ ಹೊತ್ತೆಷ್ಟು ಆಗಿರ್ತದ?"

"ಈಗ ಮುಂಜಾನಿ ಎಂಟಾಗಿರ್ತದ ಬೇ. ಹುಡುಗರು ಸಾಲಿಗಿ ಹೊಂಡೋ ಹೊತ್ತು," ಎಂದೆ.

ಅವ್ವ ನಿಮ್ಮೂರು ಎಂದದ್ದು, ನಾನು ತಡೆಯದೆ ಲಂಡನ್ನಿನ ಹೊತ್ತು ಹೇಳಿದ್ದು, ಹೇಳಿದ ಮೇಲೆ ಹೊಳೆಯಿತು. ನಾನು ಮಲಗಿದ್ದ ಊರನ್ನು ಬಿಟ್ಟು ಬೇರೆ ಯಾವುದು ನನ್ನೂರೆಂದು ಅವ್ವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಅವಳ ಬೆರಳು ಕೂದಲಲ್ಲಿ ನಿಂತಿದ್ದವು. ಅವಳಿಗೂ ಅದೇ ಹೊಳೆದಿರಬೇಕು. ಆಮೇಲೆ ಅವ್ವ ಏನೂ ಆಗಿಲ್ಲವೆಂಬಂತೆ ಮತ್ತೆ ಬೈತಲೆ ತಿದ್ದತೊಡಗಿದಳು.